ಅಸ್ಗರಿ ಬೇಗಂ ಸುಮ್ಮನಾದ ದಿನಗಳು

ಸೆಪ್ಟೆಂಬರ್ 19, ಗುರುವಾರ

ಮೊದಲ ಫೀಲ್ಡ್ ಪೋಸ್ಟಿಂಗ್. ಹಾಸ್ಟೆಲ್ ಮೆಸ್ಸಿನಲ್ಲಿ ಇಡ್ಲಿ ಅರ್ಧಕ್ಕೇ ಬಿಟ್ಟು ಎದ್ದೆ. ಸ್ಪೀಚ್ ಥೆರಪಿ ಕೋರ್ಸಿಗೆ ಸೇರಿ ತಿಂಗಳೂ ತುಂಬಿಲ್ಲ, ಆಗಲೇ ಪ್ರತಿ ಗುರುವಾರ ಕಾಲೇಜು ವ್ಯಾನಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಬೇಕಂತೆ. ಫಸ್ಟ್ ಇಯರ್‌ನವರು ಓನ್ಲಿ ಅಬ್ಸರ್ವೇಷನ್, ಬಾಯಿ ಬಿಡುವ ಹಾಗಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಬಾಯಿ ಬಿಡದೆ ಇರುವುದಕ್ಕೆ ನನಗೆ ಇಷ್ಟು ವರ್ಷ ಹಾಸ್ಟೆಲಿನ ಟ್ರೇನಿಂಗ್ ಇದೆ.

ಸೆಂಟರ್ ಅಂದರೆ ಶಾಲೆಯೊಂದರ ಹಿಂದಿನ ಎರಡು ರೂಮು. ಶ್ರೀನಾಥ್ ಸರ್ ನಮ್ಮ ಸೂಪರ್‌ವೈಸರ್. ವೈಟ್ ಕೋಟ್ ಹಾಕಿಕೊಂಡಿರುತ್ತಾರೆ ಎಂದುಕೊಂಡಿದ್ದೆ. ಅವರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಚಾಪೆಯ ಮೇಲೆ ಕೂತು ಸೋಪಿನ ಗುಳ್ಳೆ ಊದುತ್ತಿದ್ದರು.

"ಏನವ್ವ ನಿನ್ನೆಸ್ರು?"

"ಸರ್, ಐ ಆಮ್ ಭೂಮಿಕ, ಫಸ್ಟ್ ಇಯರ್."

"ಯಾವೂರು?"

"ನಾಗಮಂಗಲ, ಸರ್."

"ನಾನು ಸಿಂಧಘಟ್ಟದೋನು ಕಣವ್ವ. ನಾಗಮಂಗಲದೋಳು ಬಂದು ಐ ಆಮ್ ಅಂದ್ರೆ ನಾನೆಲ್ಲೋಗಿ ಸಾಯ್ಲಿ? ಕೂತ್ಕೋ ಬಾ, ಇಂಗ್ಲೀಷು ಮೇಡಂ."

ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ.

ಕೊನೆಯಲ್ಲಿ ಬಂದ ಮಗು ಆತಿಯಾ. ಮೂರೂವರೆ ವರ್ಷ. ಕಿವಿ ಟೆಸ್ಟ್ ನಾರ್ಮಲ್. ಆದರೆ ಮಾತು ಬೆರಳಲ್ಲಿ ಎಣಿಸುವಷ್ಟು: ದಾದಿ, ಪಾನಿ, ಇನ್ನು ಕೆಲವು. ದಾದಿ ಎಂದರೆ ಅವರಲ್ಲಿ ಅಪ್ಪನ ಅಮ್ಮ. ಆ ಅಜ್ಜಿಯೇ ಬಾಬುರಾಯನಕೊಪ್ಪಲಿನಿಂದ ಕರೆದುಕೊಂಡು ಬಂದಿದ್ದರು. ಹೆಸರು ಅಸ್ಗರಿ ಬೇಗಂ. ಬಾಗಿಲಿನಿಂದಲೇ ಶುರು, "ಆ ಮೇರಿ ಗುಡ್ಡಿ, ಚಪ್ಪಲ್ ನಿಕಾಲ್, ದೇಖ್ ಕವ್ವಾ ಆಯಾ, ತೇರೆಕು ಸಲಾಮ್ ಬೋಲ್ತೈ..." ಕಾಗೆ ಬಂದು ಮಗುವಿಗೆ ಸಲಾಮ್ ಹೇಳುತ್ತಿದೆಯಂತೆ. ಚಪ್ಪಲಿಗೂ ಮಾತು, ಫ್ಯಾನಿಗೂ ಮಾತು, ಕಿಟಕಿಯ ಕಾಗೆಗೂ ಮಾತು. ಟೂ ಮಚ್ ಟಾಕಿಂಗ್ ಎಂದು ನೋಟ್ಸಿನಲ್ಲಿ ಬರೆದುಕೊಂಡೆ.

ಸರ್ ಒಂದು ಗುಳ್ಳೆ ಊದಿ, ಮುಚ್ಚಳ ಬಿಗಿಯಾಗಿ ಹಾಕಿ, ಬಾಟಲಿಯನ್ನು ಆತಿಯಾಳ ಕೈಗೆ ಕೊಟ್ಟು ಸುಮ್ಮನೆ ಕೂತುಬಿಟ್ಟರು. ಎಷ್ಟು ಹೊತ್ತು! "ಓಪನ್ ಅನ್ನು ಪುಟ್ಟಾ" ಎಂದು ಹೇಳಿಬಿಡೋಣ ಎನ್ನಿಸುತ್ತಿತ್ತು. ಅವಳು ಬಾಟಲಿ ಅಲ್ಲಾಡಿಸಿದಳು, ತಿರುಗಿಸಿದಳು, ಕೊನೆಗೆ ಸರ್ ಮುಖಕ್ಕೆ ಹಿಡಿದು "ಆ" ಎಂದಳು. ಸರ್ ತಕ್ಷಣ ತೆರೆದರು.

ಅಮ್ಮ ಫೋನ್ ಮಾಡಿದ್ದರು. ಹಲೋ, ಊಟ ಆಯ್ತಾ, ಆಯ್ತು, ಫೈನಾ, ಫೈನ್, ಇಡ್ಲಾ. ಅಮ್ಮ ಹೆಚ್ಚು ಮಾತಾಡುವವರಲ್ಲ.

ಸೆಪ್ಟೆಂಬರ್ 26, ಗುರುವಾರ

ಇವತ್ತು ಒಬ್ಬರು ನನ್ನನ್ನು ಮೇಡಂ ಎಂದರು. ಸೀರಿಯಸ್ಸಾಗಿ.

ಆತಿಯಾಳ ತಂದೆ ಶಹಾಬುದ್ದೀನ್. ಕ್ಯಾತನಹಳ್ಳಿ ಕಡೆಯ ಆಲೆಮನೆಗಳಿಂದ ಗೂಡ್ಸ್ ಆಟೋದಲ್ಲಿ ಬೆಲ್ಲ ಸಾಗಿಸುತ್ತಾರೆ. ಬಟ್ಟೆಯಲ್ಲೆಲ್ಲ ಬೆಲ್ಲದ ವಾಸನೆ. ಮಗಳನ್ನು, ತಾಯಿಯನ್ನು ಬಿಡಲು ಬಂದವರು ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿದರು. ಸರ್ ಒಳಗೆ ಬೇರೆ ಮಗುವಿನ ಜೊತೆ ಇದ್ದರು.

"ಮೇಡಂ, ಒಂದ್ ಮಾತು. ಮನೇಲಿ ಉರ್ದು, ಬೀದೀಲಿ ಕನ್ನಡ, ಮುಂದ್ಕೆ ಸ್ಕೂಲ್ಗಾಕುದ್ರೆ ಇಂಗ್ಲೀಷು. ಮಗೀಗೆ ಅದುಕ್ಕೇ ಗಲಿಬಿಲಿ ಆಗದಾ ಅಂತ? ನಮ್ಮಮ್ಮಂತೂ ಬೆಳಗಾದ್ರೆ ಬಾಯ್ ಮುಚ್ಚಾಕಿಲ್ಲ. ಯಾವ್ದ್ರಲ್ಲಿ ಮಾತಾಡನ, ನೀವೇ ಯೋಳಿ."

ಸರ್‌ನ ಕೇಳಿ ಎನ್ನಬೇಕಿತ್ತು. ಆದರೆ ಉತ್ತರ ನನ್ನ ಬಾಯಲ್ಲಿ ಆಗಲೇ ರೆಡಿ ಇತ್ತು. "ಒಂದೇ ಲ್ಯಾಂಗ್ವೇಜ್ ಇರಲಿ. ಥೆರಪಿ ಕನ್ನಡದಲ್ಲಿ ಇದೆ ಅಲ್ವಾ, ಮನೆಯಲ್ಲೂ ಓನ್ಲಿ ಕನ್ನಡ. ಮಿಕ್ಸ್ ಮಾಡಿದರೆ ಮಗು ಕನ್ಫ್ಯೂಸ್ ಆಗುತ್ತೆ. ಅಜ್ಜಿಗೂ ಹೇಳಿ."

ಹೇಳಿದ ಮೇಲೆ ಗೊತ್ತಾಯಿತು, ಅದು ನಮ್ಮ ಸ್ಕೂಲ್ ಹಾಸ್ಟೆಲಿನ ವಾರ್ಡನ್ ಮೇಡಂ ಧಾಟಿ. ಐದನೇ ಕ್ಲಾಸಿಗೆ ನನ್ನನ್ನು ಸೇರಿಸಲು ಬಂದಾಗ ಅಮ್ಮನಿಗೂ ಅವರು ಹೀಗೇ ಹೇಳಿದ್ದರು: ಫೋನಿನಲ್ಲೂ ಓನ್ಲಿ ಇಂಗ್ಲಿಷ್, ಇಲ್ಲದಿದ್ದರೆ ಮಗುವಿಗೆ ಯಾವುದೂ ಬರಲ್ಲ. ನನಗೆ ಅದರಿಂದ ಒಳ್ಳೆಯದೇ ಆಯಿತಲ್ಲ. ಇಲ್ಲಿಯವರೆಗೆ ಬಂದಿದ್ದೇನೆ.

ಶಹಾಬುದ್ದೀನ್ ಎದೆಯ ಮೇಲೆ ಕೈ ಇಟ್ಟು ಥ್ಯಾಂಕ್ಸ್ ಹೇಳಿದರು. ವಾಪಸ್ ಬರುವಾಗ ವ್ಯಾನಿನ ಕಿಟಕಿಯಲ್ಲಿ ಕಾವೇರಿ ತುಂಬ ಚೆನ್ನಾಗಿ ಕಂಡಿತು.

ಅಕ್ಟೋಬರ್ 17, ಗುರುವಾರ

ದಸರಾ ರಜೆ ಮುಗಿದ ಮೇಲೆ ಮೊದಲ ಸೆಷನ್.

ಪ್ರೋಗ್ರೆಸ್! ಅಸ್ಗರಿ ಬೇಗಂ ಬಂದು ಗೋಡೆಗೆ ಒರಗಿ ಕೂತವರು ಕಾಗೆ, ಫ್ಯಾನು ಯಾವುದರ ತಂಟೆಗೂ ಹೋಗಲಿಲ್ಲ. "ಬಾ. ಕೂತ್ಕೋ." ಅಷ್ಟೇ. ರೂಮು ಎಷ್ಟು ಸೈಲೆಂಟ್ ಆಗಿತ್ತು. ಆತಿಯಾ ಕೂಡ ಹಟ ಮಾಡಲಿಲ್ಲ, ಕೂರಿಸಿದಲ್ಲಿ ಕೂತಿದ್ದಳು. ನನ್ನ ಅಡ್ವೈಸ್ ವರ್ಕ್ ಆಗುತ್ತಿದೆ. ಯಾರಿಗೂ ಹೇಳಿಕೊಳ್ಳುವ ಹಾಗಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸರ್ ಮಾತ್ರ ಎರಡು ಸಲ ಅಜ್ಜಿಯ ಕಡೆ ನೋಡಿದರು. "ಉಸಾರಿಲ್ವಾ ಅಜ್ಜಿ?"

ಅಜ್ಜಿ ಏನಿಲ್ಲ ಎಂದು ಕೈ ಆಡಿಸಿದರು.

ಅಕ್ಟೋಬರ್ 24, ಗುರುವಾರ

ಬಾಟಲಿ ಕೊಟ್ಟರೆ ಆತಿಯಾ ಅಲ್ಲಾಡಿಸಲಿಲ್ಲ. ಚಾಪೆಯ ಮೇಲೆ ಇಟ್ಟು ಎದ್ದು ಹೋದಳು. ಸರ್ ಕಾದರು. ಅವಳು ಕಿಟಕಿಯ ಸರಳು ಹಿಡಿದು ನಿಂತವಳು ತಿರುಗಲಿಲ್ಲ.

ಮೂಡ್ ಇಲ್ಲದಿರಬಹುದು. ಮಕ್ಕಳಲ್ಲವೇ.

ನವೆಂಬರ್ 7, ಗುರುವಾರ

ಸರ್ ತಂದೆ ತಾಯಿ ಇಬ್ಬರನ್ನೂ ಕರೆಸಿದ್ದರು. ತಾಯಿ ಫರ್ಹತ್ ಗಾರ್ಮೆಂಟ್ಸಿಗೆ ಹೋಗುವವರು, ಒಂದು ದಿನದ ರಜೆ ಹಾಕಿ ಬಂದಿದ್ದರು. ಅವರು ಬೆಳಿಗ್ಗೆ ಕಂಪನಿ ವ್ಯಾನ್ ಹತ್ತಿದರೆ ಮತ್ತೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಮಗು ಅಜ್ಜಿಯ ಜೊತೆಯೇ ಎಂದು ಇವತ್ತು ಗೊತ್ತಾಯಿತು.

"ಮೊದ್ಲು ಪಾನಿ ಅಂತ ಕೇಳೋಳು ಸಾರ್," ಎಂದರು ಫರ್ಹತ್. "ಈಗ ಬಿಂದಿಗೆ ತಾವ ಓಗಿ ನಿಂತ್ಕತಾಳೆ. ಯಾರಾದ್ರೂ ನೋಡ್ಲಿ ಅಂತ. ನೋಡ್ದಿದ್ರೆ ಅಂಗೇ ವಾಪಸ್ ಬತ್ತಾಳೆ."

"ದಾದಿ ಅಂತಾಳಾ?"

ಫರ್ಹತ್ ಇಲ್ಲ ಎಂದು ತಲೆ ಅಲ್ಲಾಡಿಸಿದರು. ಅಜ್ಜಿ ತಮ್ಮ ಸೆರಗಿನ ಅಂಚನ್ನು ನೋಡುತ್ತಾ ಕೂತಿದ್ದರು.

ಸರ್ ಚಾಪೆಯ ಮೇಲಿನ ಆಟದ ಸಾಮಾನೆಲ್ಲ ಪಕ್ಕಕ್ಕೆ ಸರಿಸಿದರು. "ನೋಡವ್ವ, ಮಾತು ನಿಧಾನ ಆದ್ರೆ ನಾನು ಎದ್ರಲ್ಲ. ಆದ್ರೆ ಬಂದ್ ಮಾತು ವಾಪಸ್ ಓಯ್ತಾ ಇದ್ರೆ ಸುಮ್ನೆ ಕೂರಂಗಿಲ್ಲ. ದೊಡ್ಡಾಸ್ಪತ್ರೇಲಿ ಒಸಿ ಟೆಸ್ಟ್ ಮಾಡಿಸ್ಬೇಕಾಯ್ತದೆ. ಮೆದುಳಿಂದೂ ಸೇರ್ಸಿ."

ಮೆದುಳು ಎಂದ ತಕ್ಷಣ ಫರ್ಹತ್ ಮಗುವನ್ನು ಮಡಿಲಿಗೆ ಎಳೆದುಕೊಂಡರು.

"ಮನೇಲಿ ಏನಾರ ಬದಲಾಯ್ತಾ? ಊರ್ಗೋಗಿದ್ರಾ, ಜ್ವರಗಿರ ಬಂದಿತ್ತಾ, ಯಾರಾರಾ ಏನಾರ ಯೋಳುದ್ರಾ?"

ಶಹಾಬುದ್ದೀನ್ ನನ್ನ ಕಡೆ ನೋಡಿದರು. ಒಂದೇ ಒಂದು ಸಲ. ಆಮೇಲೆ ಸರ್ ಕಡೆ ತಿರುಗಿ, "ಏನೂ ಇಲ್ಲ ಸಾರ್," ಎಂದರು.

ಅವರು ಯಾಕೆ ಹಾಗೆ ಹೇಳಿದರು? ನನ್ನನ್ನು ಉಳಿಸಲು. ಓದುವ ಹುಡುಗಿ, ಬೈಸಿಕೊಳ್ಳುತ್ತಾಳೆ ಎಂದು. ತನ್ನ ಮಗಳಿಗೆ ಮೆದುಳಿನ ಟೆಸ್ಟ್ ಎನ್ನುವಾಗ ಅವರು ನನ್ನ ಮುಖ ಉಳಿಸಿದರು. ನಾನು ಪೆನ್ ಹಿಡಿದುಕೊಂಡು ಅಬ್ಸರ್ವ್ ಮಾಡುತ್ತಿದ್ದೆ.

ನವೆಂಬರ್ 8, ಶುಕ್ರವಾರ

ಅದೇ ಕಾರಣ ಎಂದು ಯಾರು ಹೇಳಿದರು? ಕೋ-ಇನ್ಸಿಡೆನ್ಸ್ ಇರಬಹುದು.

ಲೈಬ್ರರಿಯಲ್ಲಿ ಪುಸ್ತಕ ತೆಗೆದು ನೋಡಿದೆ. ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಗುವಿನ ಮಾತು ತಡವಾಗುವುದಿಲ್ಲ, ಮನೆಯವರು ತಮಗೆ ಸಲೀಸಾದ ಭಾಷೆಯಲ್ಲೇ ಮಾತಾಡಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಪುಸ್ತಕ ಮುಚ್ಚಿ ಬೇರೆ ಶೆಲ್ಫಿನಲ್ಲಿ ಇಟ್ಟು ಬಂದೆ. ಯಾರಿಗೆ ಸಿಗಬಾರದೆಂದು ಇಟ್ಟೆ, ಗೊತ್ತಿಲ್ಲ.

ನವೆಂಬರ್ 10, ಭಾನುವಾರ

ಹೇಳಿದರೆ ಪೋಸ್ಟಿಂಗಿನಿಂದ ತೆಗೆಯುತ್ತಾರೆ. ಇಯರ್ ಬ್ಯಾಕ್ ಆಗಬಹುದು. ಅಪ್ಪ ಬಾಗಿಲು ಕಿಟಕಿ ಮಾಡಿ ಮಾಡಿ ಬೆನ್ನು ನೋಯಿಸಿಕೊಂಡು ಓದಿಸುತ್ತಿದ್ದಾರೆ.

ಹೇಳದಿದ್ದರೆ ಆ ಮಗು ಬಿಂದಿಗೆಯ ಹತ್ತಿರ ನಿಂತಿರುತ್ತದೆ.

ನವೆಂಬರ್ 14, ಗುರುವಾರ

ಇವತ್ತು ಆತಿಯಾ ಬರಲಿಲ್ಲ. ಸರ್ ಬಾಗಿಲ ಕಡೆ ನೋಡಿ ನೋಡಿ ಕೊನೆಗೆ ಚಾಪೆ ಸುತ್ತಿದರು. ಆಗ ಹೇಳಿಬಿಟ್ಟೆ. ನಿಂತುಕೊಂಡೇ, ಒಂದೇ ಉಸಿರಿಗೆ. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ, ಅರ್ಧದಲ್ಲಿ ಅದು ಕೈಕೊಟ್ಟಿತು.

ಸರ್ ಸುತ್ತಿದ ಚಾಪೆಯನ್ನು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದರು.

"ನೋಡೋದು ನಿನ್ ಕೆಲ್ಸ. ಯೋಳೋದಲ್ಲ. ಗೊತ್ತಿತ್ತಾ?"

"ಗೊತ್ತಿತ್ತು ಸರ್."

"ನಾನು ಆ ತಾಯಿಗೆ ಮೆದುಳು ಅಂದ್ಬುಟ್ಟೆ ಕಣವ್ವ. ಒಂದ್ ವಾರದಿಂದ ಅವ್ರು ಅನ್ನ ತಿಂದವ್ರಾ ಇಲ್ವಾ." ಸರ್ ಚಪ್ಪಲಿ ಮೆಟ್ಟಿದರು. "ನಡಿ. ಯೋಳಿದ್ದು ನೀನು, ವಾಪಸ್ ತಕ್ಕಳೋಳೂ ನೀನೆ. ನಾನ್ ಪಕ್ಕದಾಗೆ ಕೂತಿರ್ತೀನಿ, ಅಷ್ಟೇಯ."

ವ್ಯಾನಿನಲ್ಲೇ ಬಾಬುರಾಯನಕೊಪ್ಪಲಿಗೆ ಹೋದೆವು. ಶಹಾಬುದ್ದೀನ್ ಬಾಡಿಗೆಗೆ ಹೋಗಿದ್ದರು. ಫರ್ಹತ್ ಕೆಲಸಕ್ಕೆ. ಹಜಾರದ ಒಂದು ಮೂಲೆಯಲ್ಲಿ ಅಜ್ಜಿ ಹುರುಳಿಕಾಯಿ ಕುಯ್ಯುತ್ತಿದ್ದರು, ಇನ್ನೊಂದು ಮೂಲೆಯಲ್ಲಿ ಮಗುವಿನ ಕೈಯಲ್ಲಿ ಮೊಬೈಲು. ಕನ್ನಡದ ಮಕ್ಕಳ ಹಾಡು ಬರುತ್ತಿತ್ತು. ಶಹಾಬುದ್ದೀನ್ ಹಾಕಿಕೊಟ್ಟಿದ್ದಂತೆ, ಕನ್ನಡ ಕಲಿಯಲಿ ಎಂದು. ಆತಿಯಾ ತಲೆ ಎತ್ತಲಿಲ್ಲ. ಹಾಡು ಬಿಟ್ಟರೆ ಆ ಮನೆಯಲ್ಲಿ ಈಳಿಗೆಯ ಸದ್ದು ಮಾತ್ರ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದನ್ನು ಹೇಳಿದೆ. ನಾನು ಹೇಳಿದ್ದು ತಪ್ಪು, ನೀವು ಉರ್ದುವಿನಲ್ಲೇ ಮಾತಾಡಿ, ರಿಸರ್ಚ್ ಕೂಡ ಅದನ್ನೇ ಹೇಳುತ್ತದೆ ಎಂದು.

ಅಜ್ಜಿ ಹುರುಳಿಕಾಯಿಯ ನಾರು ತೆಗೆದು ಪಕ್ಕಕ್ಕೆ ಹಾಕಿದರು. "ಆವತ್ತು ಬರೀ ಕನ್ನಡ ಅಂದ್ರಿ. ಇವತ್ತು ಉರ್ದು ಅಂತೀರಿ. ಮುಂದಿನ್ ವಾರ ಏನ್ ಅಂತೀರಿ ಬೇಟಿ?"

ಸರ್ ಕಡೆ ನೋಡಿದೆ. ಸರ್ ಹುರುಳಿಕಾಯಿ ನೋಡುತ್ತಿದ್ದರು.

"ನಂದು ಸಂತೆ ಕನ್ನಡ," ಎಂದರು ಅಜ್ಜಿ. "ಎಷ್ಟು, ಕಮ್ಮಿ ಮಾಡು, ಕೊಡು, ತಗೋ. ಇದ್ರಲ್ಲಿ ಮೊಮ್ಮಗಳಿಗೆ ಏನ್ ಮಾತಾಡ್ಲಿ? ಕಾಗೆ ತಾವ ಚೌಕಾಸಿ ಮಾಡ್ಲಾ? ಅದುಕ್ಕೆ ಬಾಯ್ ಮುಚ್ಕಂಡೆ. ಈಗ ಬಾಯ್ ಬಿಡು ಅಂದ್ರೆ ಭಯ ಆಗ್ತದೆ. ನನ್ ಜಬಾನಿಂದ್ಲೇ, ನನ್ ಭಾಷೆಯಿಂದ್ಲೇ ಮಗು ಇಂಗಾಯ್ತು ಅಂತ ಯೋಳ್ಬುಟ್ರಲ್ಲ. ಅದು ಇಲ್ಲಿ ಕೂತ್ಬುಟ್ಟದೆ." ಎದೆ ಮುಟ್ಟಿ ತೋರಿಸಿದರು.

ಅವರ ಎದುರು ಕೂತು ನಾನೂ ಒಂದು ಹುರುಳಿಕಾಯಿ ತೆಗೆದುಕೊಂಡು ನಾರು ಬಿಡಿಸಿದೆ. ಆಮೇಲೆ ಅದು ಹೇಗೆ ಬಾಯಿಗೆ ಬಂತೋ.

"ನಮ್ಮವ್ವಂಗೂ ಅಂಗೇ ಯೋಳಿದ್ರು ಅಜ್ಜಿ. ನಾನು ಹಾಸ್ಟ್ಲಿಗೆ ಸೇರ್ದಾಗ. ಫೋನ್ನಾಗೂ ಇಂಗ್ಲೀಷೇ ಮಾತಾಡ್ಬೇಕು ಅಂತ. ಅವ್ವಂಗೆ ಹಲೋ, ಫೈನು ಬುಟ್ರೆ ಇನ್ನೇನೂ ಬತ್ತಿರ್ಲಿಲ್ಲ."

ಈಳಿಗೆ ನಿಂತಿತು. "ಮತ್ತೆ ಏನ್ ಮಾಡಿದ್ರು ಅವ್ರು?"

"ಅಷ್ಟೇ ಮಾತಾಡುದ್ರು."

"ಈಗ?"

"ಈಗ್ಲೂ ಅಷ್ಟೇಯ."

ಅಜ್ಜಿ ನನ್ನನ್ನೇ ನೋಡಿದರು. ಎದ್ದು ಹೋಗಿ ಮಗುವಿನ ಕೈಯಿಂದ ಮೊಬೈಲು ತೆಗೆದು ಹಾಡು ನಿಲ್ಲಿಸಿದರು. "ಚಾಯ್ ಕುಡ್ಕಂಡೇ ಓಗ್ಬೇಕು," ಎಂದು ಸರ್‌ಗೆ ಹೇಳಿ ಒಳಗೆ ಹೋದರು.

ವ್ಯಾನ್ ಹತ್ತುವಾಗ ನಾನೇ ಕೇಳಿದೆ, "ಸರ್, ಇನ್ನು ಮುಂದೆ ನಾನು ಬರೋದು ಬೇಡವಾ?"

"ಬರ್ದೆ ಎಲ್ಲಿಗೋಯ್ತೀಯಾ? ಮುಂದಿನ್ ಗುರುವಾರ ಬಂದು ಬಾಯ್ ಮುಚ್ಕಂಡ್ ಕೂತ್ಕೋ. ಆಸ್ಪತ್ರೆ ಟೆಸ್ಟಿಗೆ ಬರ್ಕೊಟ್ಟಿದ್ದೀನಿ, ಅದು ಆಗ್ಲಿ. ನಿನ್ ತಪ್ಪೊಂದೇ ಕಾರಣ ಅಂತ ಯೋಳಕೆ ನಾನು ದೇವ್ರಲ್ಲ."

ನವೆಂಬರ್ 17, ಭಾನುವಾರ

ಅವ್ವನಿಗೆ ಫೋನ್ ಮಾಡಿದೆ. ಏನು ಕೇಳಬೇಕೆಂದು ತಿಳಿಯದೆ, ಅಪ್ಪ ಈಗ ಯಾರ ಮನೆಯ ಬಾಗಿಲು ಮಾಡುತ್ತಿದ್ದಾರೆ ಎಂದು ಕೇಳಿದೆ. ಅವ್ವ ಅದನ್ನು ಹೇಳಿ, ಆ ಮನೆಯವರು ಬಾಗಿಲಿಗೆ ಗಿಳಿ ಕೆತ್ತು ಎಂದಿದ್ದು, ಅಪ್ಪ ಕೆತ್ತಿದ್ದು, ಅದು ಗಿಳಿಯಲ್ಲ ಕೋಳಿ ಎಂದು ಅವರು ಜಗಳ ತೆಗೆದಿದ್ದು, ಎಲ್ಲ ಹೇಳಿದರು. ಅವ್ವ ಅಪ್ಪನ ಧ್ವನಿ ಮಾಡಿ ತೋರಿಸಿದರು, "ಮೂಗ್ ನೋಡಯ್ಯ, ಕೋಳಿಗೆ ಇಂಗ್ ಇರ್ತದಾ?" ನಕ್ಕು ನಕ್ಕು ನನಗೆ ಕೆಮ್ಮು ಬಂತು. ಪಕ್ಕದ ರೂಮಿನವಳು ಬಾಗಿಲು ಬಡಿದಳು.

ಇಡುವ ಮುಂಚೆ ಅವ್ವ, "ಯಾಕವ್ವ, ಇವತ್ತು ಇಂಗ್ ಮಾತಾಡ್ತಾ ಇದ್ದೀಯಾ?" ಎಂದರು.

"ಎಂಗೆ?"

"ಏನಿಲ್ಲ ಬುಡು."

ಏನು ಕೇಳಿದರೋ ತಿಳಿಯಲಿಲ್ಲ. ನೆಟ್‌ವರ್ಕ್ ಸರಿ ಇರಲಿಲ್ಲವೇನೋ.

ನವೆಂಬರ್ 21, ಗುರುವಾರ

ಬಂದರು. ಅಜ್ಜಿ ಚಪ್ಪಲಿ ಬಿಡಿಸುವಾಗ ಏನೋ ಹೇಳಿದರು, ಬಹಳ ಮೆಲ್ಲಗೆ, ಯಾರಾದರೂ ಬೈಯುತ್ತಾರೋ ಎಂದು ನನ್ನ ಕಡೆ ನೋಡುತ್ತಾ. ನಾನು ನೆಲ ನೋಡಿದೆ. ಆತಿಯಾ ಏನೂ ಅನ್ನಲಿಲ್ಲ. ಬಾಟಲಿಯನ್ನೂ ಮುಟ್ಟಲಿಲ್ಲ.

ನವೆಂಬರ್ 28, ಗುರುವಾರ

ಅಜ್ಜಿ ಇವತ್ತು ಗಟ್ಟಿಯಾಗಿಯೇ ಮಾತಾಡಿದರು. ಫ್ಯಾನನ್ನು ಬೈದರು ಎಂದು ಕಾಣುತ್ತದೆ, ಅದು ತಿರುಗುತ್ತಿರಲಿಲ್ಲ. ಆತಿಯಾ ಅವರ ಬಾಯಿಯನ್ನೇ ನೋಡುತ್ತಿದ್ದಳು. ಆಟದ ಸಾಮಾನು ಬಿಟ್ಟು, ನಮ್ಮೆಲ್ಲರನ್ನೂ ಬಿಟ್ಟು, ಅಲ್ಲಿಂದ ಏನೋ ಹೊರಗೆ ಬೀಳುವುದಿದೆ ಎನ್ನುವ ಹಾಗೆ. ಒಮ್ಮೆ ಕೈ ಚಾಚಿ ಅಜ್ಜಿಯ ತುಟಿ ಮುಟ್ಟಿದಳು. ಅಜ್ಜಿ ಕಣ್ಣು ಒರೆಸಿಕೊಂಡು ಮತ್ತೆ ಫ್ಯಾನನ್ನು ಬೈಯತೊಡಗಿದರು.

ಮಗುವಿನಿಂದ ಒಂದು ಮಾತೂ ಬರಲಿಲ್ಲ. ಶಹಾಬುದ್ದೀನ್ ಹೊರಗೆ ಆಟೋದಲ್ಲಿ ಕೂತಿದ್ದರು. ಕೇಳಬಾರದೆಂದು ಕೂತವರು ಕೇಳಿಯೇ ಬಿಟ್ಟರು, "ಏನಾರ ಅಂದ್ಲಾ?"

"ಇನ್ನೂ ಇಲ್ಲ," ಎಂದೆ. "ಅಣ್ಣ, ಆವತ್ತು ನೀವು ಸರ್‌ಗೆ ಯಾಕೆ ಹೇಳಲಿಲ್ಲ?"

"ನೀವೂ ಮಗೀನ ಒಳ್ಳೇದುಕ್ಕೇ ಯೋಳಿದ್ರಲ್ಲ," ಎಂದು ಆಟೋ ಸ್ಟಾರ್ಟ್ ಮಾಡಿದರು.

ಹಾಗೆ ಅನ್ನದೆ ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 12, ಗುರುವಾರ

ಕಳೆದ ವಾರ ಇಂಟರ್ನಲ್ಸ್ ಇತ್ತು, ಹೋಗಲಿಲ್ಲ. ಹೋದವಳೊಬ್ಬಳು ಬಂದು, ಆ ಮಗು ಇನ್ನೂ ಹಾಗೇ ಇದೆ ಎಂದಿದ್ದಳು. ಆಸ್ಪತ್ರೆಯ ಟೆಸ್ಟು ಜನವರಿಗೆ ನಿಗದಿಯಾಗಿದೆ.

ಇವತ್ತು ಸರ್ ನನ್ನನ್ನು ಚಾಪೆಯ ಮೇಲೆ ಕೂರಿಸಿದರು. ಚಿತ್ರದ ಕಾರ್ಡುಗಳನ್ನು ಕೈಗೆ ಕೊಟ್ಟು, ಒಂದು ತೋರಿಸು, ಹೆಸರು ಹೇಳು, ಆಮೇಲೆ ಕಾಯಿ ಎಂದರು. ಅಜ್ಜಿ ನನ್ನ ಪಕ್ಕದಲ್ಲೇ ಇದ್ದರು. ಶಹಾಬುದ್ದೀನ್ ಬಾಡಿಗೆ ಇಲ್ಲದ್ದರಿಂದ ಬಾಗಿಲಲ್ಲಿ ನಿಂತಿದ್ದರು.

ನಾಯಿ ತೋರಿಸಿದೆ. ಹಸು ತೋರಿಸಿದೆ. ಅಜ್ಜಿ ಅವರ ಭಾಷೆಯಲ್ಲಿ ಹೇಳಿದರು, ನಾನು ನಮ್ಮ ಭಾಷೆಯಲ್ಲಿ. ಆತಿಯಾ ಗೋಡೆ ನೋಡಿದಳು. ಬಸ್ಸು ತೋರಿಸಿ ಕಾದೆ. ಮೊದಲೆಲ್ಲ ಹೀಗೆ ಕಾಯುವಾಗ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಇವತ್ತು ಹೊರಗೆ ಯಾರೋ ನಲ್ಲಿಯಲ್ಲಿ ತಟ್ಟೆ ತೊಳೆಯುವುದು ಕೇಳಿಸುತ್ತಿತ್ತು. ಅವಳ ಹಣೆಯ ಮೇಲೆ ಚಿಕ್ಕದೊಂದು ಗಾಯದ ಗುರುತಿದೆ. ಇಷ್ಟು ದಿನ ನೋಡಿಯೇ ಇರಲಿಲ್ಲ.

ಅವಳು ಬಸ್ಸನ್ನು ನೋಡಿದಳು. ನನ್ನನ್ನು ನೋಡಿದಳು. ಅಂಗೈಯಿಂದ ಕಾರ್ಡನ್ನು ಜೋರಾಗಿ ತಳ್ಳಿದಳು.

"ನಕ್ಕೋ!"

ಅಜ್ಜಿಯ ಉರ್ದುವಿನಲ್ಲಿ, ಸ್ಪಷ್ಟವಾಗಿ. ರೂಮಿನಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

"ಏಯ್, ಮೇಡಂಗೆ ಅಂಗನ್ಬಾರ್ದು!" ಎಂದು ಬಾಗಿಲಿನಿಂದ ಶಹಾಬುದ್ದೀನ್ ಗದರಿದರು. ಗದರುತ್ತಲೇ ಧ್ವನಿ ಒಡೆದು, ಬಾಗಿಲ ಆಚೆಗೆ ಮುಖ ತಿರುಗಿಸಿದರು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅವರ ಭುಜ ಕುಲುಕುತ್ತಿತ್ತು. ನಗುವೋ ಅಳುವೋ, ಎರಡೂ ಇತ್ತು.

"ಏನಂದ್ಲವ್ವ?" ಎಂದು ಸರ್ ನನ್ನನ್ನು ಕೇಳಿದರು.

"ಬ್ಯಾಡ ಅಂದ್ಲು ಸಾರ್."

"ಅಂದ್ ಮೇಲೆ ಇನ್ನೂ ಯಾಕ್ ಇಡ್ಕಂಡಿದ್ದೀಯಾ?"

ಕಾರ್ಡುಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಿದೆ. ಆತಿಯಾ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ನನ್ನಿಂದ ಎಷ್ಟು ದೂರ ಇಡಬಹುದೋ ಅಷ್ಟು ದೂರ ಇಟ್ಟು, ವಾಪಸ್ ಬಂದು ನನ್ನೆದುರು ಕೂತಳು. ಇನ್ನೇನು ಎನ್ನುವ ಹಾಗೆ ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿ ಬೇರೆ ಏನೂ ಇರಲಿಲ್ಲ. ಇಬ್ಬರೂ ಕೂತಿದ್ದೆವು.